ಹೊಲದಳತೆಯ ಲೆಕ್ಕ: ಮುಂದಿನಿಂದಲೋ, ಹಿಂದಿನಿಂದಲೋ?

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಂಥ ಊರುಗಳಲ್ಲಿ ತೊಗರಿ ಹೊಲದ ಬದುವಿನ ತಕರಾರು ಹೊಸದೇನಲ್ಲ. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ಒಂದು ಗುಂಟೆ. 100 ಮೀಟರ್ ಉದ್ದದ ಬದುವಿನ ಗೆರೆ ಒಂದು ಮೀಟರ್ ಸರಿದರೆ ಹೆಚ್ಚುಕಡಿಮೆ ಒಂದು ಗುಂಟೆ ಪಕ್ಕದವರ ಪಾಲಾಗುತ್ತದೆ. ಆದ್ದರಿಂದ ಉಪಗ್ರಹಗಳ ಸಹಾಯದಿಂದ ಮಾಡುವ ಅಳತೆಯ ಲೆಕ್ಕವನ್ನು ರೈತ ಬಾಂಧವರು ಸ್ವಲ್ಪಮಟ್ಟಿಗೆ ತಿಳಿದಿರುವುದು ಒಳಿತು.

2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಊರೊಳಗಿನ ಮನೆ, ನಿವೇಶನಗಳಿಗೆ ಸಂಬಂಧಿಸಿದ್ದು. ಹೊಲಕ್ಕಾದರೆ ಭೂಮಾಪಕರು ಕೋಲಿನ ತುದಿಗೆ ಕೂಡಿಸಿದ ರೋವರ್ ಯಂತ್ರ ಹಿಡಿದು ಬದುವಿನಗುಂಟ ನಡೆಯುತ್ತಾರೆ.

ಉಪಗ್ರಹದಿಂದ ಬರುವ ಅಲೆಯೊಂದರ ಉದ್ದ ಸುಮಾರು 19 ಸೆಂಟಿಮೀಟರ್. ಅಲೆಯ ತುಣುಕನ್ನು ಯಂತ್ರವು ಮಿಲಿಮೀಟರ್ ಮಟ್ಟದಲ್ಲಿ ಓದಬಲ್ಲದು. ಆದರೆ ಉಪಗ್ರಹಕ್ಕೂ ತನಗೂ ನಡುವೆ ಪೂರ್ತಿ ಅಲೆಗಳು ಎಷ್ಟಿವೆಯೆಂಬುದು ಅದಕ್ಕೆ ಮೊದಲಿಗೆ ತಿಳಿಯದು. ಸರಪಳಿ ಎಳೆಯುವವನು ಕಡೆಯ ತುಂಡನ್ನು ಸರಿಯಾಗಿ ಓದಿ, ಪೂರ್ತಿ ಸರಪಳಿ ಎಷ್ಟು ಬಿದ್ದವೆಂಬುದನ್ನೇ ಮರೆತ ಹಾಗೆ! ಆ ಸಂಖ್ಯೆ ಗೊತ್ತಾಗಲು, ನಿಖರವಾಗಿ ಗುರುತಿಸಿದ ಜಾಗದಲ್ಲಿಟ್ಟ ಮತ್ತೊಂದು ಯಂತ್ರದ ದಾಖಲೆಯೂ ಒಂದಿಷ್ಟು ಸಮಯವೂ ಬೇಕು. ಅಲ್ಲಿಯವರೆಗಿನ ಅಳತೆ ಅಸ್ಥಿರ.

ದಾಖಲೆಯನ್ನು ಕಚೇರಿಗೆ ಒಯ್ದು, ಅಳತೆ ನಡೆದ ಕ್ರಮದಲ್ಲೇ ಲೆಕ್ಕ ಹಾಕಿದರೆ ಅದು ಮುಮ್ಮುಖ ಲೆಕ್ಕ. ಇದರಲ್ಲಿ ಮೊದಲ ಮೂಲೆಯೇ ಅಸ್ಥಿರವಾಗಿ ಉಳಿಯಬಹುದು. ಅದೇ ದಾಖಲೆಯನ್ನು ಕಡೆಯಿಂದ ಮೊದಲಿಗೆ ಹಾಕಿದರೆ ಹಿಮ್ಮುಖ ಲೆಕ್ಕ. ಆಗ ಮೊದಲ ಮೂಲೆ ತಲುಪುವಷ್ಟರಲ್ಲಿ ಅಲೆಗಳ ಸಂಖ್ಯೆ ಗೊತ್ತಾಗಿರುತ್ತದೆ. ನಡುವೆ ಹುಣಸೆಮರದ ಕೆಳಗೆ ಸಂಕೇತ ಕಡಿದುಹೋಯಿತೆನ್ನಿ. ಮುಮ್ಮುಖದಲ್ಲಿ ಮರ ದಾಟಿದ ಮೇಲಿನ ಭಾಗ ದುರ್ಬಲ, ಹಿಮ್ಮುಖದಲ್ಲಿ ಮರಕ್ಕಿಂತ ಮೊದಲಿನ ಭಾಗ ದುರ್ಬಲ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಎರಡನ್ನೂ ಮಾಡಿ ಕೂಡಿಸುವುದೇ ಉತ್ತಮವೆಂದು ನನ್ನ ಅಭಿಪ್ರಾಯ. ಒಂದನ್ನೇ ಆರಿಸಬೇಕಾದರೆ, ಆರಂಭದ ಭಾಗ ದುರ್ಬಲವಿದ್ದಲ್ಲಿ ಹಿಮ್ಮುಖ, ಕೊನೆಯ ಭಾಗ ದುರ್ಬಲವಿದ್ದಲ್ಲಿ ಮುಮ್ಮುಖ.

ಮರದ ಬುಡದಲ್ಲೇ ಕೆಟ್ಟ ದಾಖಲೆ ಮಾತ್ರ ಯಾವ ದಿಕ್ಕಿನಿಂದ ಹಾಕಿದರೂ ಕೆಟ್ಟದ್ದೇ. ಎರಡು ಲೆಕ್ಕಗಳ ನಡುವೆ ಒಂದು ಮೂಲೆಯಲ್ಲಿ 30 ಸೆಂಟಿಮೀಟರ್ ಅಂತರ ಕಂಡರೆ ಸರಾಸರಿ ತೆಗೆದು ಸುಮ್ಮನಾಗಬಾರದು. ಆ ಮೂಲೆಯನ್ನು ಮತ್ತೆ ಅಳೆಯಬೇಕು. ಎರಡೂ ಒಂದೇ ಆದರೂ ಹಳೆಯ ಬಾಂದುಕಲ್ಲೊಂದರ ಮೇಲೆ ಯಂತ್ರವಿಟ್ಟು ತಾಳೆ ನೋಡುವುದು ಲೇಸು. ಒಂದೇ ಕಲ್ಲಿನ ಮೇಲೆ ಬಹಳ ಹೊತ್ತು ನಿಲ್ಲಿಸಿದ ಯಂತ್ರಕ್ಕೆ ಈ ದಿಕ್ಕಿನ ಗೊಡವೆ ಅಷ್ಟಾಗಿಲ್ಲ.

ಸ್ಥಳದಲ್ಲೇ ಉತ್ತರ ಕೊಡುವ ಅಳತೆಯಲ್ಲಿ ಮುಮ್ಮುಖ ಲೆಕ್ಕವೊಂದೇ ಸಾಧ್ಯ. ಆದ್ದರಿಂದ ಮೂಲ ದಾಖಲೆಯನ್ನು ಉಳಿಸಿಡುವಂತೆ ಭೂಮಾಪಕರನ್ನು ಮೊದಲೇ ಕೇಳಿಕೊಳ್ಳಿರಿ. ಅಳತೆಯ ಆರಂಭದಲ್ಲೂ ಕೊನೆಯಲ್ಲೂ ಬಯಲಿನಲ್ಲಿ ಕೆಲವು ನಿಮಿಷ ಯಂತ್ರವನ್ನು ನಿಲ್ಲಿಸಲು ಹೇಳಿರಿ. ಅಕ್ಕಪಕ್ಕದ ಹೊಲದವರೂ ಆಗ ಜೊತೆಯಲ್ಲಿರಲಿ.