ಸಾಲ, ಶರತ್ತು, ಸಂಸ್ಥಾನ

ಕನಕಪುರ ರಸ್ತೆಯಲ್ಲಿ ಸಾರಕ್ಕಿಯನ್ನು ದಾಟುವವರ ತಲೆಯ ಮೇಲೆ ಮೆಟ್ರೊ ರೈಲು ಓಡತೊಡಗಿದ್ದು 2017ರಲ್ಲಿ. ಅದನ್ನು ಹೊತ್ತ ಕಂಬಗಳಿಗೆ ಸುರಿದ ಹಣದಲ್ಲಿ ಒಂದು ಪಾಲು ಜಪಾನಿನಿಂದ ತಂದ ಸಾಲ. ಇಂಥ ಸಾಲಕ್ಕೆ ಅಷ್ಟಾಗಿ ಅಂಜಬೇಕಾದುದಿಲ್ಲ. ಬಡ್ಡಿ ಹೊರುವ ಮುಂದಿನ ತಲೆಮಾರಿಗೆ ರೈಲೂ ಉಳಿದಿರುತ್ತದೆ. ಅಂಜಬೇಕಾದುದು ನಿತ್ಯದ ವೆಚ್ಚಕ್ಕೆ ಮಾಡುವ ಸಾಲಕ್ಕೆ. 2025ರ ಮಾರ್ಚಿನಲ್ಲಿ ಮಂಡಿತವಾದ ರಾಜ್ಯದ ಆಯವ್ಯಯದಲ್ಲಿ 1,16,000 ಕೋಟಿ ರೂಪಾಯಿಗಳ ಸಾಲದ ಅಂದಾಜಿತ್ತು. ಅದರಲ್ಲಿ 19,262 ಕೋಟಿ ರಾಜಸ್ವ ಕೊರತೆಗೇ ಬೇಕು. ಅಷ್ಟು ಹಣ ಯಾವ ಕಂಬವಾಗಿಯೂ ನಿಲ್ಲದೆ ಸಂಬಳ, ಬಡ್ಡಿ, ಸಹಾಯಧನಗಳಲ್ಲಿ ಕರಗುತ್ತದೆ.

ಇಂಥ ಕೊರತೆ ಬೆಳೆದರೆ ರಾಜ್ಯವನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ನಿದರ್ಶನ ನಮ್ಮ ಮೈಸೂರಿನಲ್ಲೇ ಇದೆ. 1799ರ ಒಪ್ಪಂದದಂತೆ ಸಂಸ್ಥಾನವು ಕಂಪನಿ ಸರ್ಕಾರಕ್ಕೆ ವರ್ಷಕ್ಕೆ ಏಳು ಲಕ್ಷ ವರಹಗಳ ಕಪ್ಪ ತೆರಬೇಕಾಗಿತ್ತು. 1811ರಲ್ಲಿ ದಿವಾನ್ ಪೂರ್ಣಯ್ಯನವರು ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕಿ ಹಣವಿತ್ತೆನ್ನುತ್ತಾರೆ. ಇಪ್ಪತ್ತು ವರ್ಷಗಳಲ್ಲಿ ಅದು ಬರಿದಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರನ್ನು ದುಂದುಗಾರರೆಂದು ಬರೆದವರು ಬಹುಮಟ್ಟಿಗೆ ಇಂಗ್ಲಿಷರು; ಆ ಮಾತನ್ನು ತೂಗಿಯೇ ಸ್ವೀಕರಿಸಬೇಕು. ವಿದ್ವಾಂಸರಿಗಿತ್ತ ಹೊನ್ನೂ ಆ ಲೆಕ್ಕದಲ್ಲಿದೆ. ಚಾಣಕ್ಯನ ಕಥೆ ಹೇಳುವ ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರಲ್ಲಿ ಹುಟ್ಟಿದ್ದು ಅವರ ಕಾಲದಲ್ಲೇ! ಆದರೂ ಸೈನಿಕರ ಸಂಬಳ ಬಾಕಿ ಬಿದ್ದದ್ದು ಸುಳ್ಳಲ್ಲ.

ಕೇಳುಗರು ವಿಶೇಷವಾಗಿ ಗಮನಿಸಬೇಕಾದುದು ಈ ಕೊರತೆಯನ್ನು ತುಂಬಿಕೊಂಡ ಬಗೆಯನ್ನು. ಅದಕ್ಕೆ ಶರತ್ತಿನ ಪದ್ಧತಿಯೆಂದು ಹೆಸರು. ತಾಲ್ಲೂಕಿನಿಂದ ಇಂತಿಷ್ಟು ಕಂದಾಯ ತಂದುಕೊಡುತ್ತೇನೆಂದು ಅಮಲ್ದಾರನು ಬರೆದುಕೊಡಬೇಕು; ಹೆಚ್ಚು ಬಂದರೆ ಸರ್ಕಾರಕ್ಕೆ, ಕಡಿಮೆಯಾದರೆ ಅವನ ಕೈಯಿಂದ. ಕೈಯಿಂದ ಕೊಡುವ ಅಮಲ್ದಾರನುಂಟೆ? ಅವನು ರೈತನನ್ನು ಹಿಂಡಿದ. ಅರಮನೆಯ ಲೆಕ್ಕದಲ್ಲಿ ಸಾಲವೆಂದು ಎಲ್ಲಿಯೂ ಕಾಣದ ಈ ಹೊರೆ, ಹೆಸರು ಬದಲಿಸಿಕೊಂಡು ಒಕ್ಕಲಿನ ಮನೆಯೊಳಗೆ ಕುಳಿತಿತು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ದಂಗೆಯೆದ್ದರು.

ಕಪ್ಪಕ್ಕೆ ಅಪಾಯವೆನಿಸಿದರೆ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದೆಂಬ ಕಲಮು ಒಪ್ಪಂದದಲ್ಲಿ ಮೊದಲಿನಿಂದಲೂ ಅಡಗಿತ್ತು. ಸಾಲಪತ್ರದಲ್ಲಿ ಯಾರೂ ಓದದ ಸಾಲು ಇಂಥದೇ. ಕಪ್ಪ ನಿಂತೇ ಇರಲಿಲ್ಲವೆಂಬ ವಾದ ಅನಂತರ ಬಲವಾಗಿ ಕೇಳಿಬಂದಿತು. ಆದರೆ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ಕಲಮನ್ನು ಹಿಡಿದೇ ರಾಜ್ಯವನ್ನು ವಶಪಡಿಸಿಕೊಂಡ. ಕಚೇರಿಗಳು ಮೈಸೂರಿನಿಂದ ಬೆಂಗಳೂರಿಗೆ ಬಂದವು. ಒಡೆಯರು ಮೂವತ್ತಕ್ಕೂ ಹೆಚ್ಚು ವರ್ಷ ರಾಜ್ಯವನ್ನು ಹಿಂದಕ್ಕೆ ಕೇಳುತ್ತಲೇ ಇದ್ದು 1868ರಲ್ಲಿ ತೀರಿಕೊಂಡರು. ಅದು ಮರಳಿ ಬಂದದ್ದು 1881ರ ಮಾರ್ಚ್ 25ರಂದು, ಅವರ ದತ್ತುಪುತ್ರನ ಕೈಗೆ.