ಬಸ್ಸು ಗೊತ್ತು ಮಾಡುವ ಮುಂಚೆ



ನಮ್ಮ ಭಾಗದಾಗ ಮಂದಿ ಕೂಡಿ ಪ್ರಯಾಣ ಮಾಡುವುದು ಹೊಸದಲ್ಲ. ಸುಗ್ಗಿ ಮುಗಿದರೆ ಜಾತ್ರೆ. ಸವದತ್ತಿ ಎಲ್ಲಮ್ಮ, ಹುಲಿಗೆಮ್ಮ, ಮಂತ್ರಾಲಯ. ಯುಗಾದಿ ಹತ್ತಿರ ಬಂದರೆ ಶ್ರೀಶೈಲ. ಮದುವೆ ಇದ್ದರೆ ದಿಬ್ಬಣ. ಮಳೆ ಕೈ ಕೊಟ್ಟರೆ ಬೆಂಗಳೂರಿಗೆ ಗುಳೆ. ಎಲ್ಲದಕ್ಕೂ ಗಾಡಿ ಬೇಕು. ಗಾಡಿ ಗೊತ್ತು ಮಾಡುವವರು ಯಾರು? ಹೆಚ್ಚಾಗಿ ಗಂಡಸರು. ಒಳಗೆ ಕೂಡುವವರು ಯಾರು? ನಾವು, ನಮ್ಮ ಮಕ್ಕಳು.

2022ರ ಆಗಸ್ಟ್ 25ರ ಬೆಳಗಿನ ಜಾವ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕು. ಹೆದ್ದಾರಿಯಲ್ಲಿ ಒಂದು ಕ್ರೂಸರ್ ಗಾಡಿಗೂ ಲಾರಿಗೂ ಡಿಕ್ಕಿ ಆಯಿತು. ಕ್ರೂಸರಿನಲ್ಲಿ ಇದ್ದವರು ಯಾರು? ನಮ್ಮ ರಾಯಚೂರು ಜಿಲ್ಲೆಯ ಕೂಲಿಕಾರರು. ದುಡಿಯಲು ಬೆಂಗಳೂರಿಗೆ ಹೊರಟಿದ್ದರು. 9 ಮಂದಿ ಸತ್ತರು. ಅದರಲ್ಲಿ ಹೆಂಗಸರು ಇದ್ದರು, ಮಕ್ಕಳೂ ಇದ್ದರು. ಹತ್ತು ಹನ್ನೆರಡು ಮಂದಿ ಕೂಡುವ ಗಾಡಿ ಅದು. ಒಳಗೆ ಇದ್ದವರು 20ಕ್ಕೂ ಹೆಚ್ಚು.

ಹಣೆಬರಹ ಅನ್ನುತ್ತೇವೆ. ಆದರೆ ಗಾಡಿಯಲ್ಲಿ ಎಷ್ಟು ಮಂದಿ ಕೂಡಬೇಕು ಎಂಬುದನ್ನು ಹಣೆಯಲ್ಲಿ ಬರೆದಿಲ್ಲ. ಗಾಡಿಯ ಆರ್.ಸಿ. ಕಾರ್ಡಿನಲ್ಲಿ ಬರೆದಿದೆ. ಈಗ ನಮಗೆ ಓದಲು ಬರುತ್ತದೆ. ಓದೋಣ.

ಅದಕ್ಕೂ ಮೊದಲು ಒಂದು ಮಾತು. ಎಲ್ಲ ಪ್ರಯಾಣಕ್ಕೂ ಬಾಡಿಗೆ ಗಾಡಿ ಬೇಕಾಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದ ಒಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ. ಐದಾರು ಮಂದಿ ಹುಲಿಗೆಮ್ಮನಿಗೆ ಹೋಗುವುದಾದರೆ ಗಾಡಿ ಯಾಕೆ? ಆದರೆ ಪೂರ್ತಿ ಬಸ್ಸು ಬಾಡಿಗೆಗೆ ತಗೊಂಡರೆ ಈ ಯೋಜನೆ ಇಲ್ಲ. ಪರರಾಜ್ಯದ ಯಾತ್ರೆಗೂ ಇಲ್ಲ. ಮಂತ್ರಾಲಯ ನಮಗೆ ಹತ್ತಿರ ನಿಜ, ಆದರೆ ಅದು ಆಂಧ್ರದಲ್ಲಿದೆ.

ಮಂದಿ ನಲವತ್ತು, ಐವತ್ತು ಇದ್ದರೆ ಡಿಪೋದಲ್ಲಿಯೂ ಕೇಳಬಹುದು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಮದುವೆಗೆ, ಯಾತ್ರೆಗೆ ಪೂರ್ತಿ ಬಸ್ಸನ್ನೇ ಬಾಡಿಗೆಗೆ ಕೊಡುತ್ತದೆ. ರಾಯಚೂರು, ಮಾನ್ವಿ, ದೇವದುರ್ಗ, ಮೂರೂ ಕಡೆ ಡಿಪೋ ಇವೆ. ಡಿಪೋ ಮ್ಯಾನೇಜರಿಗೆ ಅರ್ಜಿ ಬರೆಯಬೇಕು. ಯಾವ ದಿನ, ಎಲ್ಲಿಂದ ಎಲ್ಲಿಗೆ, ಎಷ್ಟು ಮಂದಿ ಎಂದು ಬರೆದರೆ ಸಾಕು. ಬಾಡಿಗೆ ಲೆಕ್ಕ ಕಿಲೋಮೀಟರಿನ ಮೇಲೆ. ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ಇರುತ್ತದೆ. ಬಸ್ಸು ಅದಕ್ಕಿಂತ ಕಡಿಮೆ ಓಡಿದರೂ ಅಷ್ಟರ ದುಡ್ಡು ಕೊಡಬೇಕು. ಮುಂಗಡ ಕಟ್ಟಿ ರಸೀದಿ ಇಸಕೊಳ್ಳಿ. ಜಾತ್ರೆ ದಿನಗಳಲ್ಲಿ ಬಸ್ಸು ಸಿಗುವುದು ಕಷ್ಟ. ಮೊದಲೇ ಹೋಗಿ ಕೇಳಬೇಕು.

ಅಲ್ಲಿ ಸಿಗಲಿಲ್ಲ ಅಂದರೆ ಖಾಸಗಿ ಬಸ್ಸು. ನಾವು ಎಡವುವುದು ಇಲ್ಲಿಯೇ.

ನಮ್ಮದೇ ಸಂಘದ ಮಾತು ಹೇಳುತ್ತೇವೆ. ದೇವದುರ್ಗ ತಾಲ್ಲೂಕಿನ ನಮ್ಮೂರಿನಿಂದ 42 ಮಂದಿ ಹೆಂಗಸರು ಶ್ರೀಶೈಲಕ್ಕೆ ಹೋಗಬೇಕು ಎಂದು ಮಾತಾಡಿದೆವು. ರಾಯಚೂರಿನಲ್ಲಿ ಒಬ್ಬರ ಹತ್ತಿರ ಬಸ್ಸು ಗೊತ್ತು ಮಾಡಿದೆವು. "ಹೊಸ ಬಸ್ ಐತ್ರಿ, ಐವತ್ತು ಸೀಟು" ಅಂದರು. ಫೋಟೋ ತೋರಿಸಿದರು. ಐದು ಸಾವಿರ ಅಡ್ವಾನ್ಸ್ ಕೊಟ್ಟೆವು. ಹೊರಡುವ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗುಡಿ ಮುಂದೆ ನಿಂತೆವು. ಬಂದ ಬಸ್ಸೇ ಬೇರೆ! ಹಿಂದಿನ ಎರಡು ಟಯರು ಬೋಳು. ಗೆರೆ ಅಳಿಸಿ ತಲೆಯಂತೆ ನುಣ್ಣಗೆ ಆಗಿದ್ದವು.

ನಮ್ಮಲ್ಲಿ ಒಬ್ಬಾಕೆ ಅಕ್ಷರ ಕಲಿತು ಆಗ ಆರು ತಿಂಗಳು ಆಗಿತ್ತು. ಆಕೆ ಡ್ರೈವರ್ ಹತ್ತಿರ ಹೋಗಿ, "ಕಾಗದ ತೋರಿಸಪ್ಪಾ" ಅಂದಳು.

"ನಿನಗ್ಯಾಕಬೇ ಅದು? ಹತ್ತಿ ಕೂಡು, ಹೊತ್ತಾಗ್ತೈತಿ" ಅಂದ ಆತ.

"ಕೂಡಾಕಿ ನಾನು. ನನಗ ಬೇಕು" ಅಂದಳು.

ಕಾಗದ ಇಂಗ್ಲಿಷಿನಲ್ಲಿ ಇತ್ತು. ಇರಲಿ. ಅಂಕಿಗಳು ಗೊತ್ತಾಗುತ್ತವಲ್ಲ! ತಾರೀಖು ಹೇಗೆ ಓದಬೇಕು? ಮೊದಲು ದಿನ, ನಡುವೆ ತಿಂಗಳು, ಕೊನೆಗೆ ವರ್ಷ. ಎಫ್.ಸಿ. ಕಾಗದದಲ್ಲಿ ಕೊನೆಯ ತಾರೀಖು ಇರುತ್ತದೆ. ಅದು ಮುಗಿದು ನಾಲ್ಕು ತಿಂಗಳು ಆಗಿತ್ತು. ಅಂದರೆ ಆ ಬಸ್ಸು ರಸ್ತೆಗೆ ಇಳಿಯುವ ಹಾಗೇ ಇರಲಿಲ್ಲ.

ಎಫ್.ಸಿ. ಅಂದರೆ ಏನು? ಗಾಡಿ ಗಟ್ಟಿಯಾಗಿದೆ, ಬ್ರೇಕು, ಸ್ಟೀರಿಂಗು, ದೀಪ ಸರಿ ಇವೆ ಎಂದು ನೋಡಿ ಕೊಡುವ ಪತ್ರ. ಬಾಡಿಗೆಗೆ ಓಡುವ ಗಾಡಿಗೆ ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು. ಆಮೇಲೆ ಪ್ರತಿ ವರ್ಷ. ಇದರ ಜೊತೆ ಇನ್ಸೂರೆನ್ಸ್ ಮತ್ತು ಪರ್ಮಿಟ್ ನೋಡಬೇಕು. ಪರ್ಮಿಟ್ ಎಲ್ಲಿಯ ತನಕ ಇದೆ ಎಂದೂ ಕೇಳಿರಿ. ಆಂಧ್ರಕ್ಕೆ ಹೋಗುವ ಬಸ್ಸಿಗೆ ಆಂಧ್ರದಲ್ಲಿ ಓಡುವ ಪರ್ಮಿಟ್ ಬೇಕು. ಇಲ್ಲವಾದರೆ ನಡುದಾರಿಯಲ್ಲಿ ಗಾಡಿ ಹಿಡಿಯುತ್ತಾರೆ. ಮಕ್ಕಳು ಮರಿ ಕಟ್ಟಿಕೊಂಡು ನಾವು ರಸ್ತೆಯಲ್ಲಿ ಕೂಡಬೇಕಾಗುತ್ತದೆ.

ಮನೆಯಲ್ಲಿ ಯಾರ ಹತ್ತಿರವಾದರೂ ದೊಡ್ಡ ಫೋನು ಇದ್ದರೆ ಇನ್ನೂ ಸುಲಭ. ಎಂಪರಿವಾಹನ ಎಂಬ ಸರ್ಕಾರದ ಆ್ಯಪ್ ಇದೆ. ಅದರಲ್ಲಿ ಗಾಡಿ ನಂಬರ್ ಹಾಕಿದರೆ ಎಫ್.ಸಿ., ಇನ್ಸೂರೆನ್ಸ್ ಯಾವಾಗ ಮುಗಿಯುತ್ತವೆ ಎಂದು ತೋರಿಸುತ್ತದೆ. ಹತ್ತನೆಯ ತರಗತಿ ಓದುವ ಮಕ್ಕಳು ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಅದಕ್ಕೇ ಅಡ್ವಾನ್ಸ್ ಕೊಡುವ ಮೊದಲು ಗಾಡಿ ನಂಬರ್ ಬರೆದುಕೊಳ್ಳಬೇಕು. ನಮ್ಮ ಜಿಲ್ಲೆಯ ಗಾಡಿ ನಂಬರ್ ಕೆ.ಎ. 36 ಎಂದು ಶುರುವಾಗುತ್ತದೆ.

ನಂಬರ್ ಬೋರ್ಡಿನ ಬಣ್ಣವನ್ನೂ ನೋಡಿರಿ. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಬಾಡಿಗೆ ಗಾಡಿ. ಬಿಳಿ ಬೋರ್ಡು ಇದ್ದರೆ ಸ್ವಂತಕ್ಕೆ ಇಟ್ಟುಕೊಂಡ ಗಾಡಿ. ಬಿಳಿ ಬೋರ್ಡಿನವರು ಬಾಡಿಗೆ ಕಡಿಮೆ ಹೇಳುತ್ತಾರೆ. ಯಾಕೆ? ಅವರು ಬಾಡಿಗೆ ಗಾಡಿಯ ತೆರಿಗೆ ಕಟ್ಟಿಲ್ಲ, ಪರ್ಮಿಟ್ ಇಲ್ಲ. ಅಂಥ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಏನಾದರೂ ಆದರೆ "ಇದು ಬಾಡಿಗೆ ಗಾಡಿ ಅಲ್ಲ" ಎಂದು ಇನ್ಸೂರೆನ್ಸ್ ಕಂಪನಿ ತಕರಾರು ತೆಗೆಯುತ್ತದೆ. ಸೀಟಿಗಿಂತ ಹೆಚ್ಚು ಮಂದಿ ತುಂಬಿದರೂ ಹಾಗೆಯೇ. ಇನ್ನು ಟ್ರ್ಯಾಕ್ಟರ್ ಟ್ರೇಲರ್, ಟಂಟಂ, ಲಾರಿ? ಅವು ಹತ್ತಿ, ಭತ್ತ ಹೇರುವ ಗಾಡಿಗಳು. 2025ರ ಜನವರಿ 22ರಂದು ಯಲ್ಲಾಪುರದ ಘಾಟಿನಲ್ಲಿ ತರಕಾರಿ ಹಣ್ಣಿನ ಲಾರಿ ಉರುಳಿತು. ಅದರ ಮೇಲೆ ಕೂತು ಸವಣೂರಿನಿಂದ ಸಂತೆಗೆ ಹೊರಟಿದ್ದ 10 ಮಂದಿ ವ್ಯಾಪಾರಿಗಳು ಸತ್ತರು.

ಈಗ ಡ್ರೈವರ್ ಮಾತು. ಎಷ್ಟೇ ಹೊಸ ಬಸ್ಸು ಇರಲಿ, ಓಡಿಸುವವನಿಗೆ ನಿದ್ದೆ ಇಲ್ಲದಿದ್ದರೆ ಏನು ಬಂತು? ಮೋಟಾರು ಸಾರಿಗೆ ಕಾರ್ಮಿಕರ ಕಾನೂನು 1961ರಲ್ಲಿ ಬಂತು. ದಿನಕ್ಕೆ 8 ತಾಸು ಕೆಲಸ, ಒಂದೇ ಸಮನೆ 5 ತಾಸು ಓಡಿಸಿದರೆ ಅರ್ಧ ತಾಸು ವಿಶ್ರಾಂತಿ ಎನ್ನುತ್ತಿತ್ತು 2025ರ ತನಕ ಜಾರಿಯಲ್ಲಿದ್ದ ಆ ಕಾನೂನು. ನಾವು ಏನು ಮಾಡುತ್ತೇವೆ? ರಾತ್ರಿ ಹೊರಡುತ್ತೇವೆ, ಒಂದು ದಿನದ ಬಾಡಿಗೆ ಉಳಿಯಲಿ ಎಂದು. ಬೆಳಿಗ್ಗೆ ದರ್ಶನ. ಮಧ್ಯಾಹ್ನ ಇನ್ನೊಂದು ದೇವರು. "ದಾರಿಯಲ್ಲೇ ಐತಿ, ಅಲ್ಲಿಗೂ ಹೊಡಿ" ಅನ್ನುತ್ತೇವೆ. ಮತ್ತೆ ರಾತ್ರಿ ವಾಪಸು. ಆ ಡ್ರೈವರ್ ಮಲಗಿದ್ದು ಯಾವಾಗ? ಇದರಲ್ಲಿ ತಪ್ಪು ನಮ್ಮದೂ ಇದೆ. ಶ್ರೀಶೈಲದ ದಾರಿ ನಲ್ಲಮಲ ಕಾಡಿನ ಘಾಟು. ಅದು ಹುಲಿಗಳ ಕಾಡು, ರಾತ್ರಿ ಹೊತ್ತು ಗೇಟು ಮುಚ್ಚುತ್ತಾರೆ. ತಡವಾಗಿ ಹೊರಟರೆ ಗೇಟು ಮುಚ್ಚುವುದರೊಳಗೆ ಮುಟ್ಟಬೇಕು ಎಂದು ತಿರುವುಗಳಲ್ಲಿ ಜೋರು ಓಡಿಸುತ್ತಾರೆ. ದೂರದ ದಾರಿ ಇದ್ದರೆ ಇಬ್ಬರು ಡ್ರೈವರ್ ಕೇಳಿರಿ. ನಸುಕಿನಲ್ಲಿ ಎದ್ದು ಹೊರಡಿರಿ. ನಾವು ದರ್ಶನದ ಸಾಲಿನಲ್ಲಿ ನಿಂತಾಗ ಆತ ಮಲಗಲಿ. ಚೀಲ ತಗೋಬೇಕು, ನೀರು ತಗೋಬೇಕು ಎಂದು ಹೋಗಿ ಎಬ್ಬಿಸಬೇಡಿರಿ.

ಬಸ್ಸು ಹತ್ತಿದ ಮೇಲೆ ತುರ್ತು ಬಾಗಿಲು ಎಲ್ಲಿದೆ ಎಂದು ನೋಡಿರಿ. ಡ್ರೈವರಿಗೆ ಹೇಳಿ ಒಮ್ಮೆ ತೆಗೆಸಿ ನೋಡಿರಿ. ಎಷ್ಟೋ ಬಸ್ಸಿನಲ್ಲಿ ಅದರ ಮುಂದೆ ಸಾಮಾನು ಒಟ್ಟಿರುತ್ತಾರೆ. 2013ರ ಅಕ್ಟೋಬರ್ 30ರಂದು ಆಂಧ್ರದ ಪಾಲೆಂ ಹತ್ತಿರ (ಈಗ ಆ ಊರು ತೆಲಂಗಾಣದಲ್ಲಿದೆ) ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಖಾಸಗಿ ಬಸ್ಸು ಸುಟ್ಟು 45 ಮಂದಿ ಸತ್ತರು. 2025ರ ಅಕ್ಟೋಬರ್ 24ರಂದು ಕರ್ನೂಲಿನ ಹತ್ತಿರ ಮತ್ತೊಂದು ಬಸ್ಸು ಸುಟ್ಟಿತು. ಕರ್ನೂಲು ನಮಗೆ ದೂರವೇನಲ್ಲ. ಎರಡೂ ಕಡೆ ಮಂದಿ ಮಲಗಿದ್ದ ಹೊತ್ತು ಅದು. ಬದುಕಿದವರಲ್ಲಿ ಕೆಲವರು ಕಿಟಕಿ ಗಾಜು ಒಡೆದು ಜಿಗಿದವರು. ಗಾಜು ಒಡೆಯುವ ಸಣ್ಣ ಸುತ್ತಿಗೆ ಕಿಟಕಿ ಹತ್ತಿರ ಇರಬೇಕು. ಇಲ್ಲದಿದ್ದರೆ ಕೇಳಿರಿ.

ದಾರಿಯಲ್ಲಿ ಅಡುಗೆ ಮಾಡಲು ನಾವು ಸ್ಟೋವು, ಸಣ್ಣ ಸಿಲಿಂಡರ್ ಒಯ್ಯುತ್ತೇವೆ. ಅದು ಬೇಡವೇ ಬೇಡ. 2023ರ ಆಗಸ್ಟ್ 26ರಂದು ಮಧುರೈ ನಿಲ್ದಾಣದಲ್ಲಿ ನಿಂತಿದ್ದ ಯಾತ್ರಿಕರ ರೈಲು ಡಬ್ಬಿಗೆ ಬೆಂಕಿ ಹತ್ತಿತು. ಒಳಗೆ ಸಿಲಿಂಡರ್ ಒಯ್ದಿದ್ದರು. 9 ಮಂದಿ ಸತ್ತರು. ಕಟಕ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಎರಡು ದಿನ ಸಾಲದೇನು?

ದುಡ್ಡಿನ ಮಾತು ಬಾಯಲ್ಲಿ ಬೇಡ. ಚೀಟಿ ಮಾಡಿಕೊಳ್ಳಿ. ನಾವು ಬರೆದ ಚೀಟಿ ಹೀಗಿತ್ತು:

"ಬಸ್ ನಂಬರ್ ಇಂಥದ್ದು. ಸೀಟು 50. ಹೊರಡುವ ದಿನ, ಹೊತ್ತು ಇಂಥದ್ದು. ಒಟ್ಟು ಬಾಡಿಗೆ ಇಷ್ಟು, ಅಡ್ವಾನ್ಸ್ 5,000 ಮುಟ್ಟಿದೆ. ಡೀಸೆಲ್, ಟೋಲ್, ಡ್ರೈವರ್ ಊಟ ಮಾಲಕರದು. ಇದೇ ಬಸ್ಸು ಕಳಿಸದಿದ್ದರೆ ಅಡ್ವಾನ್ಸ್ ವಾಪಸು." ಕೆಳಗೆ ಎರಡೂ ಕಡೆಯ ಸಹಿ.

ಯಾತ್ರೆ ಬಸ್ಸಿನಲ್ಲಿ ಪ್ರಯಾಣಿಕರ ಪಟ್ಟಿಯೂ ಇರಬೇಕು. ಆ ಪಟ್ಟಿಯಲ್ಲಿ ನಿಮ್ಮ ಹೆಸರು ನೀವೇ ಬರೆಯಿರಿ. ಹೆಸರಿನ ಮುಂದೆ ವಯಸ್ಸು, ಮನೆಯವರ ಫೋನ್ ನಂಬರ್ ಇರಲಿ. ಒಂದು ಪ್ರತಿ ಬಸ್ಸಿನಲ್ಲಿ, ಒಂದು ಊರಲ್ಲಿ. ದಾರಿಯಲ್ಲಿ ತೊಂದರೆಯಾದರೆ 112ಕ್ಕೆ, ಅಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿರಿ.

ಆ ದಿನ ನಾವು ಬಸ್ಸು ಹತ್ತಲಿಲ್ಲ. ಸುಲಭ ಇರಲಿಲ್ಲ ಅದು. ಮುದುಕಿಯರು ಅತ್ತರು. "ದೇವರಿಗೆ ಹೊರಟವರು ನಿಲ್ಲಬಾರದು" ಅಂದರು. ಗಂಡಸರು ಬೈದರು. ಕಟ್ಟಿದ ಬುತ್ತಿಯನ್ನು ಗುಡಿ ಕಟ್ಟೆ ಮೇಲೆಯೇ ಬಿಚ್ಚಿ ಉಂಡೆವು. ಮಾಲಕರ ಮುಂದೆ ಚೀಟಿ ಇಟ್ಟಾಗ ಐದು ಸಾವಿರದಲ್ಲಿ ಮೂರು ಸಾವಿರ ವಾಪಸು ಬಂತು. ಉಳಿದದ್ದಕ್ಕೆ ಇನ್ನೂ ತಿರುಗುತ್ತಿದ್ದೇವೆ. ಹದಿನೈದು ದಿನ ಬಿಟ್ಟು ಬೇರೆ ಬಸ್ಸು ಮಾಡಿದೆವು. ತಲೆಗೆ ನೂರೈವತ್ತು ರೂಪಾಯಿ ಹೆಚ್ಚು ಬಿತ್ತು. ಹತ್ತುವ ಮುಂಚೆ ಟಯರ್ ನೋಡಿದೆವು, ಕಾಗದ ನೋಡಿದೆವು. ಈ ಸಲ ಕಾಗದ ಹಿಡಿದು ತಾರೀಖು ಓದಿದಾಕೆ ಮೊದಲ ಸಲ ಅತ್ತಿದ್ದ ಮುದುಕಿಯರಲ್ಲಿ ಒಬ್ಬಾಕೆ.