ಕಾಣದ ಸೂತ್ರದ ವಿಮಾನಗಳು

ಆಷಾಢ ಮಾಸದ ಗಾಳಿ ಬೀಸತೊಡಗಿದೊಡನೆ ಕನ್ನಡ ನಾಡಿನ ಊರೂರುಗಳ ಬಯಲಿನಲ್ಲಿ ಗಾಳಿಪಟಗಳು ಮೇಲೇಳುವುದು ಪರಂಪರಾಗತವಾದ ನೋಟ. ಪಟದ ಬೆನ್ನಿಗೆ ಹದವರಿತು ಕಟ್ಟುವ ಎಳೆಗಳನ್ನು ಹುಡುಗರು ಸೂತ್ರವೆಂದೇ ಕರೆಯುತ್ತಾರೆ. ಸೂತ್ರ ಸರಿಯಿಲ್ಲದ ಪಟ ಗಿರಕಿ ಹೊಡೆದು ನೆಲಕ್ಕೆರಗುತ್ತದೆ. ಸೂತ್ರ ಹರಿದ ಪಟ ಗಾಳಿಯ ಪಾಲಾಗುತ್ತದೆ. ಗೊಂಬೆಯಾಟದಲ್ಲಿ ತೆರೆಯ ಹಿಂದಿರುವವನು ಸೂತ್ರಧಾರ. ಶಾಸ್ತ್ರಗ್ರಂಥಗಳಲ್ಲಿ ಬಹ್ವರ್ಥವನ್ನು ಅಡಕವಾಗಿ ಹಿಡಿದಿಡುವ ಮಾತೂ ಸೂತ್ರವೇ. ಹೀಗೆ ದೂರದಲ್ಲಿರುವುದನ್ನು ಅಂಕೆಯಲ್ಲಿರಿಸುವ ಎಳೆಗೆ ಈ ಪದವು ಎಲ್ಲೆಡೆ ಸಲ್ಲುತ್ತ ಬಂದಿದೆ. ಆ ಎಳೆಯು ಕಣ್ಣಿಗೆ ಕಾಣದ ರೇಡಿಯೋ ತರಂಗವಾದಾಗ ಗಾಳಿಪಟದ ಸ್ಥಾನದಲ್ಲಿ ಪುಟ್ಟ ವಿಮಾನವೇ ಹಾರುತ್ತದೆ. ನೆಲದ ಮೇಲೆ ನಿಂತು, ಕೈಯಲ್ಲೊಂದು ಪೆಟ್ಟಿಗೆ ಹಿಡಿದು, ಅಂತಹ ಮಾದರಿ ವಿಮಾನಗಳನ್ನು ಹಾರಿಸುವ ಹವ್ಯಾಸಿಗಳ ಸಂಘಗಳು ಜಗತ್ತಿನ ಅನೇಕ ದೇಶಗಳಲ್ಲಿ ಉಂಟು. ಅವು ಮಾಡುವ ಕಾರ್ಯವೇನು, ಒಬ್ಬೊಬ್ಬರೇ ಆಡಬಹುದಾದಂತೆ ತೋರುವ ಈ ಆಟಕ್ಕೆ ಸಂಘವೇಕೆ ಬೇಕು ಎಂಬುದು ವಿಚಾರಾರ್ಹವಾದ ವಿಷಯ.

ಮಾದರಿ ವಿಮಾನವೆಂದರೆ ದೊಡ್ಡ ವಿಮಾನವನ್ನು ನೋಡಿ ಮಾಡಿದ ಆಟಿಕೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇತಿಹಾಸವು ಇದಕ್ಕೆ ವ್ಯತಿರಿಕ್ತವಾಗಿದೆ. ಇಂಗ್ಲೆಂಡಿನ ಜಾರ್ಜ್ ಕೇಲಿಯು 1804ರಲ್ಲಿ ಕೋಲೊಂದಕ್ಕೆ ಗಾಳಿಪಟದಂತಹ ರೆಕ್ಕೆಯನ್ನೂ ಹಿಂದೆ ಬಾಲವನ್ನೂ ಜೋಡಿಸಿ ತೇಲಿಬಿಟ್ಟಾಗ ಮನುಷ್ಯನನ್ನು ಹೊರುವ ವಿಮಾನವಿನ್ನೂ ಹುಟ್ಟಿರಲಿಲ್ಲ. ಫ್ರಾನ್ಸಿನ ಅಲ್ಫೋನ್ಸ್ ಪೆನೋ 1871ರಲ್ಲಿ ಹುರಿ ಹಾಕಿದ ರಬ್ಬರಿನ ಬಲದಿಂದ ತಿರುಗುವ ಪಂಖದ ಮಾದರಿಯೊಂದನ್ನು ಪ್ಯಾರಿಸ್ಸಿನ ಉದ್ಯಾನದಲ್ಲಿ ಹಾರಿಸಿ ತೋರಿಸಿದನು. ಅವನು ರೂಪಿಸಿದ ಬಗೆಯ ಹಾರುವ ಆಟಿಕೆಯೊಂದನ್ನೇ 1878ರಲ್ಲಿ ರೈಟ್ ಸಹೋದರರ ತಂದೆ ಮಕ್ಕಳಿಗೆ ತಂದುಕೊಟ್ಟರು. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯ ಉಗಿಯಂತ್ರದ ಮಾದರಿಯು 1896ರ ಮೇ 6ರಂದು ಪೊಟೊಮ್ಯಾಕ್ ನದಿಯ ಮೇಲೆ ಸುಮಾರು ಒಂದು ಕಿಲೋಮೀಟರು ದೂರ ಹಾರಿತು. ಅದೇ ವಿದ್ವಾಂಸನು ಮನುಷ್ಯನನ್ನು ಕೂರಿಸಿ ಹಾರಿಸಹೊರಟ ದೊಡ್ಡ ಯಂತ್ರವು 1903ರಲ್ಲಿ ಎರಡು ಸಲವೂ ನೀರಿಗೆ ಬಿತ್ತು. ಚಿಕ್ಕದು ಹಾರಿದ ಮಾತ್ರಕ್ಕೆ ದೊಡ್ಡದು ಹಾರಲೇಬೇಕೆಂಬ ನಿಯಮವಿಲ್ಲ. ಸಂಸ್ಕೃತದ ವಿಮಾನ ಶಬ್ದದಲ್ಲಿರುವ ‘ಮಾ’ ಧಾತುವಿಗೆ ಅಳೆಯುವುದೆಂಬ ಅರ್ಥವಿರುವುದನ್ನು ಇಲ್ಲಿ ನೆನೆಯಬಹುದು. ದೇಗುಲದ ಗರ್ಭಗುಡಿಯ ಮೇಲಣ ವಿಮಾನವಾಗಲಿ ಬಾನಿನ ವಿಮಾನವಾಗಲಿ ಅಳತೆ ತಪ್ಪಿದರೆ ನಿಲ್ಲದು.

ತಂತಿಯ ಸಹಾಯವಿಲ್ಲದೆ ದೂರದಿಂದಲೇ ವಾಹನವೊಂದನ್ನು ನಡೆಸಬಹುದೆಂಬುದನ್ನು ನಿಕೋಲಾ ಟೆಸ್ಲಾ 1898ರಲ್ಲಿಯೇ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯ ಮೂಲಕ ತೋರಿಸಿದ್ದನು. ದೋಣಿಗೆ ಭಾರದ ಚಿಂತೆಯಿಲ್ಲ. ವಿಮಾನಕ್ಕಾದರೋ ಒಂದೊಂದು ತೊಲ ಭಾರವೂ ಲೆಕ್ಕಕ್ಕೆ ಬರುತ್ತದೆ. ಆದುದರಿಂದ ಆ ವಿದ್ಯೆ ಮಾದರಿ ವಿಮಾನಕ್ಕೆ ಇಳಿಯಲು ಮತ್ತೆ ಸುಮಾರು ನಾಲ್ಕು ದಶಕಗಳು ಹಿಡಿದವು. ಅಮೆರಿಕದ ಮಿಷಿಗನ್ ಪ್ರಾಂತದ ವಾಲ್ಟರ್ ಗುಡ್ ಹಾಗೂ ವಿಲಿಯಂ ಗುಡ್ ಎಂಬ ಅವಳಿ ಸಹೋದರರು ‘ಗಫ್’ ಎಂದು ಹೆಸರಿಟ್ಟು ನಿರ್ಮಿಸಿದ ವಿಮಾನವು 1937ರಲ್ಲಿ ರೇಡಿಯೋ ಆಜ್ಞೆಗೆ ತಲೆಬಾಗಿ ಹಾರಿತು. ಮುಂದಿನ ವರ್ಷಗಳ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮೊದಲ ಸ್ಥಾನವನ್ನೂ ಪಡೆಯಿತು. ಇಂದು ಅದು ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹದಲ್ಲಿದೆ. ಆ ದಿನಗಳಲ್ಲಿ ಕೈಯಲ್ಲಿದ್ದುದು ಒಂದು ಗುಂಡಿ ಮಾತ್ರ. ಒಮ್ಮೆ ಒತ್ತಿದರೆ ಚುಕ್ಕಾಣಿ ಎಡಕ್ಕೆ, ಮತ್ತೊಮ್ಮೆ ಒತ್ತಿದರೆ ಬಲಕ್ಕೆ ಎಂಬಂತಹ ಏರ್ಪಾಟು. ಕಳೆದ ಸಲ ಯಾವ ಕಡೆಗೆ ತಿರುಗಿಸಿದ್ದೆನೆಂಬುದನ್ನು ಮರೆತವನ ವಿಮಾನದ ಗತಿ ಏನಾಗುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ!

ಈಗಿನ ಪೆಟ್ಟಿಗೆಯಲ್ಲಿ ಎರಡು ಹಿಡಿಗಳಿರುತ್ತವೆ. ಅವುಗಳಿಂದ ನಾಲ್ಕು ಕಾರ್ಯಗಳನ್ನು ಸಾಧಿಸಲಾಗುತ್ತದೆ: ಯಂತ್ರದ ವೇಗವನ್ನು ಏರಿಸಿ ಇಳಿಸುವುದು, ಮೂತಿಯನ್ನು ಮೇಲಕ್ಕೆ ಕೆಳಕ್ಕೆ ಮಾಡುವುದು, ರೆಕ್ಕೆಗಳನ್ನು ಓರೆಯಾಗಿಸುವುದು, ಬಾಲದ ಚುಕ್ಕಾಣಿಯಿಂದ ಎಡಬಲಕ್ಕೆ ಹೊರಳಿಸುವುದು. ಹಿಡಿಯನ್ನು ಎಷ್ಟು ಸರಿಸಿದರೆ ವಿಮಾನದೊಳಗಿನ ಸರ್ವೋ ಎಂಬ ಕಿರುಯಂತ್ರವು ಅಷ್ಟೇ ಪ್ರಮಾಣದಲ್ಲಿ ಆಯಾ ಅಂಗವನ್ನು ಅಲುಗಿಸುತ್ತದೆ. ಬಹುಮಟ್ಟಿಗೆ ವಿದ್ಯುತ್ ಮೋಟಾರು ಬ್ಯಾಟರಿಗಳೇ ಬಳಕೆಗೆ ಬಂದಿದ್ದರೂ, ಮೆಥನಾಲಿಗೆ ಎಣ್ಣೆ ಬೆರೆಸಿ ಉರಿಸುವ ಹಳೆಯ ಬಗೆಯ ಎಂಜಿನ್ನುಗಳನ್ನು ಬಿಡದವರೂ ಇದ್ದಾರೆ. ಆ ಎಣ್ಣೆ ಬಹುಕಾಲದಿಂದ ನಮ್ಮ ಹೊಲಗಳ ಹರಳೆಣ್ಣೆಯೇ ಎಂಬುದು ಕೌತುಕದ ಸಂಗತಿ. ಬೇರೆ ಎಣ್ಣೆಗಳು ಸೀದುಹೋಗುವ ಬಿಸಿಯಲ್ಲಿಯೂ ಅದು ಲೋಹದ ಸವೆತವನ್ನು ತಡೆಯುತ್ತದೆ.

ಇನ್ನು ಸಂಘದ ಮಾತು. ಗಾಳಿಪಟದ ದಾರ ಹಿಡಿದವನ ಕೈಯಿಂದ ಒಂದೇ ಪಟಕ್ಕೆ ಹೋಗುತ್ತದೆ. ರೇಡಿಯೋ ತರಂಗವಾದರೋ ಎಲ್ಲೆಡೆ ಹರಡುತ್ತದೆ. ಒಂದೇ ಆವರ್ತದಲ್ಲಿ ಇಬ್ಬರು ಪೆಟ್ಟಿಗೆಗಳನ್ನು ಹಚ್ಚಿದರೆ ಬಾನಿನಲ್ಲಿರುವ ವಿಮಾನವು ಯಾರ ಮಾತನ್ನು ಕೇಳಬೇಕೆಂದು ತಿಳಿಯದೆ ನೆಲಕ್ಕಪ್ಪಳಿಸುತ್ತದೆ. ಹತ್ತಾರು ಜನರು ತಿಂಗಳುಗಟ್ಟಲೆ ದುಡಿದು ಕಟ್ಟಿದ್ದನ್ನು ಒಬ್ಬನ ಅಜಾಗರೂಕತೆ ಕ್ಷಣದಲ್ಲಿ ಮುರಿಯಬಲ್ಲುದು. ಬಿದ್ದ ವಿಮಾನದ ಕೆಳಗೆ ಯಾರಾದರೂ ಇದ್ದರೆ ಹಾನಿಯ ಸ್ವರೂಪವೇ ಬೇರೆ. ಇದನ್ನು ತಡೆಯಲು ಹಿಂದಿನ ಸಂಘಗಳು ಮೈದಾನದಲ್ಲಿ ಒಂದು ಹಲಗೆಯನ್ನು ನಿಲ್ಲಿಸುತ್ತಿದ್ದವು. ಪ್ರತಿಯೊಂದು ಆವರ್ತಕ್ಕೂ ಒಂದು ಬಿಲ್ಲೆ. ಆ ಬಿಲ್ಲೆ ಯಾರ ಬಳಿಯಿದೆಯೋ ಅವನು ಮಾತ್ರ ಪೆಟ್ಟಿಗೆಯನ್ನು ಹಚ್ಚತಕ್ಕದ್ದು, ಉಳಿದವರು ಕಾಯತಕ್ಕದ್ದು. ಈ ಶತಮಾನದ ಮೊದಲ ದಶಕದಲ್ಲಿ 2.4 ಗಿಗಾಹರ್ಟ್ಸ್ ಆವರ್ತದ ಸಾಧನಗಳು ಬಂದು, ಪೆಟ್ಟಿಗೆಯೂ ವಿಮಾನವೂ ತಮ್ಮತಮ್ಮೊಳಗೆ ಗುರುತು ಹಿಡಿದುಕೊಳ್ಳುವಂತಾದ ಮೇಲೆ ಆ ಹಲಗೆಯ ಅಗತ್ಯವು ಬಹುತೇಕ ತಪ್ಪಿತು. ಆದರೆ ಅದು ಕಲಿಸಿದ ಕ್ರಮ ತಪ್ಪಿಲ್ಲ. ಹಾರಿಸುವವರೆಲ್ಲ ಒಂದೇ ಗೆರೆಯಲ್ಲಿ ನಿಲ್ಲಬೇಕು; ವಿಮಾನವು ಆ ಗೆರೆಯ ಹಿಂದಕ್ಕೆ, ಅಂದರೆ ಜನರಿರುವ ಕಡೆಗೆ, ಬರಕೂಡದು. ಏರುವಾಗಲೂ ಇಳಿಸುವಾಗಲೂ ಉಚ್ಚಸ್ವರದಲ್ಲಿ ಕೂಗಿ ಹೇಳಬೇಕು. ಎಂಜಿನ್ನು ನಿಂತುಹೋದ ವಿಮಾನಕ್ಕೆ ಎಲ್ಲರೂ ದಾರಿ ಬಿಡಬೇಕು. ಬ್ಯಾಟರಿಗೆ ತಂತಿ ಜೋಡಿಸಿದ ಕ್ಷಣದಿಂದ, ನಿಂತಿರುವ ಪ್ರೊಪೆಲ್ಲರನ್ನೂ ತಿರುಗುತ್ತಿರುವ ಕತ್ತಿಯೆಂದೇ ಎಣಿಸಬೇಕು.

ಕಲಿಯುವ ಬಗೆ ಇನ್ನೂ ಸ್ವಾರಸ್ಯಕರವಾದುದು. ಹೊಸಬನಿಗೆ ಮೊದಲು ಎದುರಾಗುವ ತೊಡಕು ಗಾಳಿಯದಲ್ಲ, ಬುದ್ಧಿಯದು. ವಿಮಾನವು ತನ್ನಿಂದ ದೂರ ಹೋಗುತ್ತಿರುವಾಗ ಬಲಕ್ಕೆ ಹಿಡಿಯನ್ನು ಸರಿಸಿದರೆ ಅದು ಬಲಕ್ಕೇ ತಿರುಗುತ್ತದೆ. ಅದೇ ವಿಮಾನವು ತನ್ನತ್ತ ಮುಖ ಮಾಡಿ ಬರುತ್ತಿರುವಾಗ ಬಲಕ್ಕೆ ಸರಿಸಿದರೆ ನೋಡುವವನ ಎಡಕ್ಕೆ ತಿರುಗುತ್ತದೆ. ತಾನು ವಿಮಾನದಲ್ಲಿಯೇ ಕುಳಿತಿದ್ದೇನೆಂದು ಭಾವಿಸಿಕೊಂಡು ಅದರ ಎಡಬಲಗಳನ್ನು ತನ್ನವಾಗಿ ಮಾಡಿಕೊಳ್ಳದ ಹೊರತು ಈ ಗೊಂದಲ ಹರಿಯದು. ಹೀಗಾಗಿ ಒಳ್ಳೆಯ ಸಂಘಗಳಲ್ಲಿ ಕಲಿಯುವವನ ಪೆಟ್ಟಿಗೆಯನ್ನು ಗುರುವಿನ ಪೆಟ್ಟಿಗೆಯೊಡನೆ ಜೋಡಿಸುವ ಪದ್ಧತಿಯಿದೆ. ಗುರುವು ತನ್ನ ಪೆಟ್ಟಿಗೆಯ ಒಂದು ಗುಂಡಿಯನ್ನು ಅದುಮಿ ಹಿಡಿದಿರುವಷ್ಟು ಕಾಲ ವಿಮಾನವು ಶಿಷ್ಯನ ಅಧೀನ. ಶಿಷ್ಯನು ತಡವರಿಸಿದೊಡನೆ ಗುರುವು ಬೆರಳನ್ನು ಸಡಿಲಿಸುತ್ತಾನೆ. ವಿಮಾನವು ಅವನ ಕೈಗೆ ಮರಳುತ್ತದೆ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದೇ ಇಲ್ಲಿನ ಗುರುವಿನ ಯೋಗ್ಯತೆ. ಬೇಗನೆ ಹಿಂತೆಗೆದುಕೊಂಡರೆ ಶಿಷ್ಯನು ತಪ್ಪನ್ನು ತಿದ್ದಿಕೊಳ್ಳಲು ಕಲಿಯಲಾರ. ತಡಮಾಡಿದರೆ ತಿದ್ದಲು ವಿಮಾನವೇ ಉಳಿಯದು. ಅಕ್ಷರಾಭ್ಯಾಸ ಮಾಡಿಸುವಾಗ ಮಗುವಿನ ಕೈಹಿಡಿದು ಮರಳಿನಲ್ಲಿ ತಿದ್ದಿಸಿದ ಉಪಾಧ್ಯಾಯರಿಗೆ ಈ ಸಂದಿಗ್ಧದ ಅರಿವು ಚೆನ್ನಾಗಿ ಇದ್ದೇ ಇರುತ್ತದೆ.

ಹಾರಿಸುವುದಕ್ಕಿಂತ ಕಟ್ಟುವುದರಲ್ಲಿಯೇ ಹೆಚ್ಚು ಆನಂದವನ್ನು ಕಾಣುವವರು ಸಂಘಗಳಲ್ಲಿ ಹಲವರು. ದಕ್ಷಿಣ ಅಮೆರಿಕದ ಬಾಲ್ಸಾ ಎಂಬ ಹಗುರವಾದ ಮರದ ಪಟ್ಟಿಗಳನ್ನು ನಕ್ಷೆಯ ಮೇಲೆ ಜೋಡಿಸಿ ಅಂಟಿಸಿ, ಮೇಲೆ ತೆಳುಹಾಳೆ ಹೊದಿಸಿ ಬಿಗಿಮಾಡುವುದು ಬಡಗಿಯ ತಾಳ್ಮೆಯನ್ನೂ ಅಕ್ಕಸಾಲಿಗನ ನಯವನ್ನೂ ಬೇಡುವ ಕಾಯಕ. ಕಟ್ಟಿ ಮುಗಿದ ಮೇಲೆ ಭಾರಕೇಂದ್ರದ ಪರೀಕ್ಷೆ. ರೆಕ್ಕೆಯ ಅಗಲದಲ್ಲಿ ಮುಂಚೂಣಿಯಿಂದ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗೆ ಎರಡು ಬೆರಳುಗಳ ಮೇಲೆ ಎತ್ತಿದಾಗ ವಿಮಾನವು ಸಮವಾಗಿ ನಿಲ್ಲಬೇಕು. ಮೂತಿ ತುಸು ಭಾರವಾದರೆ ಹಾರಾಟವು ಮಂದವಾಗುತ್ತದೆ. ಬಾಲ ಭಾರವಾದರೆ ಹಾರಾಟವೇ ಕೈತಪ್ಪುತ್ತದೆ. ಇಷ್ಟೆಲ್ಲ ಮಾಡಿದ ವಿಮಾನವೂ ಒಂದು ದಿನ ಬೀಳುತ್ತದೆ. ಬಿದ್ದಾಗ ಚೂರುಗಳನ್ನು ಆರಿಸಿ ತಂದು ಸುತ್ತ ಕುಳಿತು ಕಾರಣವನ್ನು ಹುಡುಕುವ ವಾಡಿಕೆಯಿರುವ ಸಂಘವೇ ನಿಜವಾದ ಸಂಘ. ತಂತಿಯ ಗಂಟು ಸಡಿಲವಾಗಿತ್ತೇ, ಬ್ಯಾಟರಿ ತೀರಿತ್ತೇ, ರೆಕ್ಕೆಯ ಏಲರಾನನ್ನು ತಲೆಕೆಳಗಾಗಿ ಜೋಡಿಸಲಾಗಿತ್ತೇ ಎಂದು ಒಂದೊಂದಾಗಿ ವಿಚಾರಿಸುವುದೇ ಅಲ್ಲಿನ ಶಾಸ್ತ್ರಚರ್ಚೆ.

ಕಾಲ ಬದಲಾಗಿದೆ. ನೊರೆಯಂತಹ ಹಗುರ ಪದಾರ್ಥದಿಂದ ಎರಕಹೊಯ್ದು ಸಿದ್ಧಪಡಿಸಿದ ವಿಮಾನಗಳು ಪೆಟ್ಟಿಗೆಯಲ್ಲಿಯೇ ಮನೆಗೆ ಬರುತ್ತವೆ. ಓಲಾಡಿದರೆ ತಾವೇ ಸಮಸ್ಥಿತಿಗೆ ಮರಳುವ ಉಪಕರಣಗಳೂ ಅವುಗಳಲ್ಲಿರುತ್ತವೆ. ಕೊಂಡ ದಿನವೇ ಹಾರಿಸಬಹುದು. ಗುರು ಬೇಡ, ಸಂಘ ಬೇಡ. ಇದರಿಂದ ಹವ್ಯಾಸವು ಸುಲಭವಾದುದು ನಿಜ. ಆದರೆ ಸಂಘವನ್ನು ಕಾಣದವನಿಗೆ ಗೆರೆಯ ಹಿಂದೆ ನಿಲ್ಲಬೇಕೆಂಬುದನ್ನು ಹೇಳುವವರು ಯಾರು? ಜಾತ್ರೆಯ ಜನಸಂದಣಿಯ ಮೇಲೆ ಯಂತ್ರವನ್ನು ಹಾರಿಸಿ ಬೀಗುವವನಿಗೆ ಅದರ ಬ್ಯಾಟರಿಯ ಆಯುಷ್ಯದ ಅರಿವಿದೆಯೇ? ಭಾರತ ಸರ್ಕಾರವು 2021ರಲ್ಲಿ ಹೊರಡಿಸಿದ ಡ್ರೋನ್ ನಿಯಮಾವಳಿಯು ಈ ಹವ್ಯಾಸವನ್ನು ಮರೆಯಲಿಲ್ಲ. ಶಿಕ್ಷಣ, ಸಂಶೋಧನೆ, ಮನೋರಂಜನೆ ಮೊದಲಾದವುಗಳಿಗಾಗಿ ಬಳಸುವ, 25 ಕಿಲೋಗ್ರಾಂ ಮೀರದ, ಕಣ್ಣಳತೆಯೊಳಗೇ ಹಾರಿಸುವ ಯಂತ್ರಗಳನ್ನು ಮಾದರಿಗಳೆಂದು ಅದು ಪ್ರತ್ಯೇಕವಾಗಿ ಗುರುತಿಸಿತು. ಕಣ್ಣಳತೆಯೊಳಗೆ ಎಂಬ ಮಾತು ಮುಖ್ಯವಾದುದು. ಮೈದಾನವನ್ನು ಆರಿಸುವ ಮೊದಲು ಅಧಿಕೃತ ವಾಯುಪ್ರದೇಶದ ನಕ್ಷೆಯನ್ನು ನೋಡಿ, ವಿಮಾನ ನಿಲ್ದಾಣದ ಸಮೀಪವಲ್ಲವೆಂದು ಖಚಿತಪಡಿಸಿಕೊಳ್ಳುವುದೂ ಅವಶ್ಯ.

ಕಣ್ಣಳತೆಯ ಈ ಮಿತಿಯನ್ನು ದಾಟಿ, ವಿಶೇಷ ಸಿದ್ಧತೆಯಿಂದ ನಡೆಸಿದ ಸಾಹಸವೊಂದು ಉಲ್ಲೇಖಾರ್ಹವಾಗಿದೆ. ಅಮೆರಿಕದ ಮೇನಾರ್ಡ್ ಹಿಲ್ ಎಂಬ ಹವ್ಯಾಸಿಯು ತನ್ನ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಕಣ್ಣು ಬಹುತೇಕ ಕಾಣದಾಗಿ ಕಿವಿಯೂ ಮಂದವಾಗಿದ್ದಾಗ, ಬೆರಳುಗಳ ಸ್ಪರ್ಶವನ್ನೇ ನಂಬಿ ಬಾಲ್ಸಾ ಮರದ ವಿಮಾನವೊಂದನ್ನು ಕಟ್ಟಿದನು. ಇಂಧನವೂ ಸೇರಿ ಅದರ ತೂಕ 5 ಕಿಲೋಗ್ರಾಂ ಒಳಗೆ. ಮುಂಚಿನ ಪ್ರಯತ್ನಗಳ ವಿಮಾನಗಳು ಸಮುದ್ರದ ಪಾಲಾಗಿದ್ದವು. 2003ರ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲೆಂಡಿನ ತೀರದಿಂದ ಕೈಯಿಂದಲೇ ತೂರಿಬಿಟ್ಟ ಆ ವಿಮಾನವು ಉಪಗ್ರಹಗಳ ಸಂಕೇತವನ್ನನುಸರಿಸಿ ತಾನೇ ದಾರಿ ಹಿಡಿದು, 38 ಗಂಟೆ 52 ನಿಮಿಷಗಳ ಕಾಲ ಹಾರಿ, ಸುಮಾರು 3,030 ಕಿಲೋಮೀಟರು ದೂರದ ಐರ್ಲೆಂಡಿನ ಕ್ಲಿಫ್ಡೆನ್ ಬಳಿಯ ಮರಳತೀರವನ್ನು ಸೇರಿತು. 1919ರಲ್ಲಿ ಆಲ್ಕಾಕ್ ಹಾಗೂ ಬ್ರೌನ್ ಅಟ್ಲಾಂಟಿಕ್ ಸಾಗರವನ್ನು ಮೊದಲ ಬಾರಿಗೆ ತಡೆಯಿಲ್ಲದೆ ದಾಟಿ ಇಳಿದುದೂ ಆ ಊರಿನ ಸಮೀಪದಲ್ಲಿಯೇ. ಇದು ಒಬ್ಬನ ಸಾಧನೆಯೆಂದು ಹೇಳಿದರೆ ಅರ್ಧ ಸತ್ಯವಾದೀತು. ಹಾರಿಸಿ ಕಳುಹಿಸಲು ಈ ತೀರದಲ್ಲಿ, ಕಾದು ಇಳಿಸಿಕೊಳ್ಳಲು ಆ ತೀರದಲ್ಲಿ ಸಹ ಹವ್ಯಾಸಿಗಳು ನಿಂತಿದ್ದರು. ಕೊನೆಯ ಕ್ಷಣಗಳಲ್ಲಿ ವಿಮಾನದ ಸೂತ್ರವನ್ನು ಹಿಡಿದು ಇಳಿಸಿದವನೂ ಗೆಳೆಯನೊಬ್ಬನೇ.

ಭಾರತದಲ್ಲಿ ಈ ವಿದ್ಯೆಯು ಬಹುಮಂದಿ ವಿದ್ಯಾರ್ಥಿಗಳಿಗೆ ಪರಿಚಯವಾದುದು ಎನ್.ಸಿ.ಸಿ.ಯ ವಾಯುವಿಭಾಗದ ಮೂಲಕ. ಮಾದರಿ ವಿಮಾನ ನಿರ್ಮಾಣ ಹಾಗೂ ಹಾರಾಟ ಅಲ್ಲಿನ ಶಿಕ್ಷಣದ ಅಂಗವಾಗಿವೆ. 1940ರಲ್ಲಿ ವಿಮಾನ ಕಾರ್ಖಾನೆ ಹುಟ್ಟಿದ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಂಡ ಕಟ್ಟಿ ಇಂತಹ ವಿಮಾನಗಳನ್ನು ರಚಿಸುವುದುಂಟು. ಹಳ್ಳಿಗಾಡಿನ ಪ್ರೌಢಶಾಲೆಗೆ ಅಷ್ಟು ವೆಚ್ಚ ಒದಗಲಾರದೆಂಬ ಆಕ್ಷೇಪ ಸಹಜವಾದುದೇ. ಆದರೆ ಆರಂಭಕ್ಕೆ ರೇಡಿಯೋ ಬೇಕಿಲ್ಲ. ವಿಶಾಲವಾದ ಆಟದ ಬಯಲು, ಕುಶಲಕಲೆಯ ಒಂದು ಕೋಣೆ, ಸಂಜೆಯ ಹೊತ್ತು ಜೊತೆಗೆ ಕೂರುವ ಒಬ್ಬ ವಿಜ್ಞಾನ ಉಪಾಧ್ಯಾಯರು, ಕೆಲವು ಥರ್ಮೊಕೋಲ್ ಹಾಳೆಗಳು ಇಷ್ಟಿದ್ದರೆ ಕೈಯಿಂದ ತೂರಿ ತೇಲಿಬಿಡುವ ವಿಮಾನವನ್ನು ಮಕ್ಕಳು ತಾವೇ ಮಾಡಬಲ್ಲರು. ಮೊದಲ ಎಸೆತದಲ್ಲಿ ಅದು ಮೂತಿ ಮೇಲೆತ್ತಿ ತಡೆದು ಬೀಳುತ್ತದೆ. ಮೂತಿಗೆ ಕಡಲೆಕಾಳಿನಷ್ಟು ಜೇಡಿಮಣ್ಣನ್ನು ಅಂಟಿಸಿದರೆ ನೆಲದ ಕಡೆಗೇ ಧಾವಿಸಬಹುದು. ಆ ಮಣ್ಣಿನಲ್ಲಿ ಅರ್ಧವನ್ನು ಚಿವುಟಿ ತೆಗೆದು ಮತ್ತೆ ತೂರಿದಾಗ ಬಯಲಿನ ಆಚೆಯ ಅಂಚಿನವರೆಗೆ ನೇರವಾಗಿ ತೇಲಿಹೋಗುವುದೂ ಉಂಟು.